ಗೋಳಗುಮ್ಮಟ ಹತ್ತಿದವರೆಲ್ಲಾ ಬನ್ನಿ: ಆ ಪಿಸುಮಾತು ನಿಮಗೆ ನಿಜವಾಗಿ ಕೇಳಿಸಿತ್ತಾ?

ಬೆಣ್ಣೆದೋಸೆ ಬಸವನಗುಡಿ

ಕರ್ನಾಟಕದಲ್ಲಿ ಶಾಲೆ ಕಲಿತವರಲ್ಲಿ ಬಹಳ ಮಂದಿ ಒಂದಲ್ಲ ಒಂದು ಡಿಸೆಂಬರಿನಲ್ಲಿ ಬಿಜಾಪುರಕ್ಕೆ ಟೂರ್ ಹೋಗಿಯೇ ಇರುತ್ತಾರೆ. 2014ರಿಂದ ಊರು ವಿಜಯಪುರ ಆಗಿದೆ. ಆದರೆ ನಮ್ಮ ಟೂರ್ ಹೋದದ್ದು ಬಿಜಾಪುರಕ್ಕೆ, ಬಾಯಿಗೂ ಅದೇ ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ನಾನು ಹೋದದ್ದು ಏಳನೇ ಕ್ಲಾಸಿನಲ್ಲಿ. ರಾತ್ರಿಯೆಲ್ಲಾ ಅಂತ್ಯಾಕ್ಷರಿ, ಬೆಳಗಿನ ಜಾವಕ್ಕೆ ಅರ್ಧ ಬಸ್ಸು ವಾಂತಿ. ಊರ ಹೊರಗೆ ಯಾವುದೋ ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಮುಖ ತೊಳೆದೆವು. ಜೊತೆಗೆ ಬಂದಿದ್ದ ಅಡುಗೆ ಭಟ್ಟರು ರಸ್ತೆ ಪಕ್ಕದಲ್ಲೇ ಉಪ್ಪಿಟ್ಟು ತಿರುವಿದರು. ಅದರಲ್ಲಿ ಮರಳು ಸಿಗುತ್ತಿತ್ತು, ಆದರೂ ಎರಡನೇ ಸಲ ಹಾಕಿಸಿಕೊಂಡೆವು. ಆಮೇಲೆ ಮೇಷ್ಟ್ರು "ಇಬ್ಬಿಬ್ಬರು ಕೈ ಹಿಡ್ಕೊಳ್ಳಿ, ಬಿಟ್ಟರೆ ನೋಡಿ" ಅಂತ ಗದರಿಸಿ ಮೂಲೆಯ ಮಿನಾರಿನೊಳಗೆ ನುಗ್ಗಿಸಿದರು. ಮೆಟ್ಟಿಲು ಕಡಿದು. ಮುಂದಿನವನ ಚಪ್ಪಲಿ ನನ್ನ ಮೂಗಿನ ಎದುರಿಗೇ ಇತ್ತು. ಒಂದೊಂದು ಅಂತಸ್ತು ಬಂದಾಗಲೂ ಕಮಾನಿನಲ್ಲಿ ಗಾಳಿ ಬಂದು ಜೀವ ಬಂದ ಹಾಗಾಗುತ್ತಿತ್ತು.

ಮೇಲೆ ಗುಮ್ಮಟದ ಒಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ಕೂಗಿದೆವು. "ಓ" ಅಂದೆವು, ಹೆಡ್‌ಮಾಸ್ಟರ ಅಡ್ಡಹೆಸರು ಕೂಗಿದೆವು. ಏಳು ಸಲ ಕೇಳಿಸುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆವಲ್ಲ, ಎಣಿಸೋಣ ಅಂದರೆ ಎಣಿಸುವುದಕ್ಕೇ ಆಗಲಿಲ್ಲ. ಅಲ್ಲಿ ನಮ್ಮದೊಂದೇ ಶಾಲೆ ಇರಲಿಲ್ಲ, ಇನ್ನೂ ಎರಡು ಮೂರು ಶಾಲೆಯವರು ಅವರವರ ಹೆಡ್‌ಮಾಸ್ಟರನ್ನು ಕೂಗುತ್ತಿದ್ದರು.

ಕಳೆದ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋದೆ. ಒಂದು ಕಡೆ ಪಿಸುಗುಟ್ಟಿದರೆ ಆಚೆ ಕಡೆ ಕೇಳಿಸುತ್ತದೆ ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಮತ್ತದೇ ಗದ್ದಲ. ಅವಳು ಕಿವಿ ಮುಚ್ಚಿಕೊಂಡು "ಅಪ್ಪಾ, ಪಿಸುಮಾತು ಎಲ್ಲಿ?" ಅಂದಳು.

ಹಾಗಾಗಿ ಕೇಳ್ತಿದ್ದೇನೆ. ಇಲ್ಲಿ ಯಾರಿಗಾದರೂ ಅದು ನಿಜವಾಗಿ ಕೇಳಿಸಿದೆಯಾ, ಅಥವಾ ನಾವೆಲ್ಲಾ ಪುಸ್ತಕದಲ್ಲಿ ಓದಿದ್ದನ್ನೇ ಹೇಳ್ಕೊಂಡು ಬರ್ತಿದ್ದೇವಾ?

---

ಸ್ಟೇಷನ್ ರೋಡ್ ಹುಡುಗ

ಕೇಳಿಸುತ್ತದೆ ರೀ. ನಾವು ಆ ಗುಮ್ಮಟ ನೋಡಿಕೊಂಡೇ ಬೆಳೆದವರು. ನಮ್ಮ ಮನೆಯ ಮಾಳಿಗೆ ಹತ್ತಿದರೆ ಅದೇ ಕಾಣುತ್ತದೆ. ಬಟ್ಟೆ ಒಣಗಿಸಲು ಹೋದರೂ ಅದೇ, ಗಾಳಿಪಟ ಹಾರಿಸಲು ಹೋದರೂ ಅದೇ.

ನಮ್ಮ ಮುತ್ಯಾ ನಮ್ಮನ್ನು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕರೆದುಕೊಂಡು ಹೋಗುತ್ತಿದ್ದರು. ಆಗ ಟೂರಿನವರು ಇನ್ನೂ ಲಾಡ್ಜಿನಲ್ಲಿ ಸ್ನಾನಕ್ಕೆ ಸಾಲು ನಿಂತಿರುತ್ತಾರೆ. ಮೇಲೆ ಪಾರಿವಾಳ ಬಿಟ್ಟರೆ ಯಾರೂ ಇರುವುದಿಲ್ಲ. ಅವು ರೆಕ್ಕೆ ಬಡಿದರೆ ಆ ಸದ್ದೇ ಒಂದು ಸುತ್ತು ಬರುತ್ತದೆ.

ಅಲ್ಲಿ ಒಬ್ಬ ಹಿರಿಯ ಗೈಡ್ ಇದ್ದರು. ಮುತ್ಯಾನ ಗುರುತಿನವರು. ನನ್ನನ್ನೂ ನನ್ನ ತಮ್ಮನನ್ನೂ ಗೋಡೆಗೆ ಕೂರಿಸಿ "ಸುಮ್ನ ಕುಂದರ್ರಿ, ಕಿವಿ ಗ್ವಾಡಿಗೆ ಹಚ್ರಿ, ಉಸಿರು ಸೈತ ಜೋರ ಬಿಡಬ್ಯಾಡ್ರಿ" ಅಂದು ತಾವು ನಿಧಾನಕ್ಕೆ ಸುತ್ತು ಹಾಕಿ ಆಚೆ ಬದಿಗೆ ಹೋದರು. ಅಲ್ಲಿಂದ ಅವರು ಒಂದು ಬೆರಳಿನಷ್ಟೇ ಕಾಣುತ್ತಿದ್ದರು. ಜೇಬಿನಿಂದ ಹಳೆ ಪೇಪರಿನ ಚೂರು ತೆಗೆದು ಮೆಲ್ಲಗೆ ಹರಿದರು. ಪರ್ರ್ ಅಂತ ನನ್ನ ಕಿವಿಯ ಪಕ್ಕದಲ್ಲೇ ಯಾರೋ ಹರಿದ ಹಾಗೆ ಕೇಳಿತು. ನಾನು ತಿರುಗಿ ನೋಡಿದೆ, ಹಿಂದೆ ಗೋಡೆ ಮಾತ್ರ. ಆಮೇಲೆ ಬೆಂಕಿಕಡ್ಡಿ ಗೀರಿದರು. ಮೊದಲು ಗೀರಿದ ಸದ್ದು, ಆಮೇಲೆ ಅದು ಭಗ್ಗನೆ ಹೊತ್ತಿಕೊಂಡ ಸದ್ದು, ಎರಡೂ ಬೇರೆ ಬೇರೆ ಕೇಳಿದವು. ಕೊನೆಗೆ ನನ್ನ ತಮ್ಮನ ಹೆಸರು ಹಿಡಿದು "ಮನಿಗಿ ಹೋಗೂದಿಲ್ಲೇನು?" ಅಂದರು. ಅವನು ಅಳುವುದಕ್ಕೇ ಶುರು ಮಾಡಿದ.

ನೀವೆಲ್ಲಾ ಹನ್ನೊಂದು ಗಂಟೆಗೆ ಬಂದು ಕೂಗಿ ಹೋಗುತ್ತೀರಿ. ಪಿಸುಮಾತು ಎಲ್ಲಿಂದ ಕೇಳಬೇಕು?

---

ಚುರುಮುರಿ ಪ್ಯಾಕೆಟ್

ತಮ್ಮ ಅತ್ತದ್ದು ಓದಿ ನಕ್ಕೂ ನಕ್ಕೂ ಸಾಕಾಯ್ತು. ನನಗೂ ಕೇಳಿಸಿಲ್ಲ. ನಮ್ಮ ಟೂರಿನಲ್ಲಿ ಮೇಲಿನಿಂದ ಯಾರದೋ ಟೋಪಿ ಕೆಳಗೆ ಬಿತ್ತು, ಅದೊಂದೇ ನೆನಪು.

---

ಹುಬ್ಬಳ್ಳಿ ಸೊಸಿ

ನಾನು ಹೋದದ್ದು ಮದುವೆಯಾದ ಹೊಸದರಲ್ಲಿ. ಇಡೀ ಕುಟುಂಬ ಒಂದೇ ಗಾಡಿ. ಇಳಕಲ್ ಸೀರೆ ಉಟ್ಟುಕೊಂಡು ಆ ಮೆಟ್ಟಿಲು ಹತ್ತಿದ್ದೇನೆ, ಯಾರೂ ಮಾಡಬೇಡಿ. ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಗೋಡೆ. ಎದುರಿಗೆ ಇಳಿದು ಬರುವವರು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ನಮ್ಮ ಅತ್ತೆಯವರು "ನಾ ಇಲ್ಲೇ ಕುಂತಿರ್ತೀನಿ, ನೀವು ಹೋಗಿ ಬರ್ರಿ" ಅಂತ ಕೆಳಗೆ ಗೋರಿಗಳ ಕಟ್ಟೆಯ ಹತ್ತಿರವೇ ಉಳಿದರು.

ನಾವು ಇಳಿದು ಬಂದಾಗ ಅವರು ಅಷ್ಟೂ ಕತೆ ಗೈಡ್ ಬಾಯಿಂದ ಕೇಳಿ ಮುಗಿಸಿದ್ದರು. ಮರದ ಮಂಟಪದ ಕೆಳಗೆ ಕಾಣುವುದು ಬರೀ ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಮುಹಮ್ಮದ್ ಆದಿಲ್ ಶಾಹನದು, ಬೇಗಂಗಳಾದ ತಾಜ್ ಜಹಾನ್, ಅರೂಸ್ ಬೀಬಿಯದು, ಮಗಳದು, ಮೊಮ್ಮಗನದು, ಮತ್ತೆ ರಂಭೆಯದು. ರಂಭೆ ಸುಲ್ತಾನನ ಮೆಚ್ಚಿನ ನರ್ತಕಿ. ನಿನ್ನ ಪ್ರೀತಿ ನಿಜವೇ ಅಂತ ಅವನು ಮೇಲೆ ಗ್ಯಾಲರಿಯಲ್ಲಿ ಕೇಳಿದನಂತೆ, ಅವಳು ಅಲ್ಲಿಂದಲೇ ಕೆಳಗೆ ಹಾರಿದಳಂತೆ. ಇದು ಗೈಡುಗಳು ಹೇಳುವ ಕತೆ, ಇತಿಹಾಸ ಅಂತ ನಾನು ಹೇಳುತ್ತಿಲ್ಲ.

ಗೈಡ್ ಇದನ್ನು ಬಹಳ ಭಾವುಕವಾಗಿ ಹೇಳಿದ್ದಾನೆ. ನಮ್ಮ ಅತ್ತೆ ಪೂರ್ತಿ ಕೇಳಿ, "ಪ್ರೀತಿ ಐತಿ ಅಂತ ತೋರ್ಸಾಕ ಆಕಿನೇ ಯಾಕ ಜಿಗೀಬೇಕಿತ್ತು? ಅವಂಗ ಕಾಲ ಇರ್ಲಿಲ್ಲೇನು?" ಅಂದರಂತೆ. ಗೈಡ್ ಸುಮ್ಮನಾಗಿದ್ದಾನೆ. ನಮ್ಮನೆಯಲ್ಲಿ ಇವತ್ತಿಗೂ ಯಾರಾದರೂ ಜಾಸ್ತಿ ಡೈಲಾಗ್ ಹೊಡೆದರೆ "ಅವಂಗ ಕಾಲ ಇರ್ಲಿಲ್ಲೇನು" ಅಂತಲೇ ಉತ್ತರ.

ಪಿಸುಮಾತಿನ ವಿಷಯ: ನನಗೆ ಕೇಳಿಸಿತು. ಯಜಮಾನರು ಆಚೆ ಬದಿಯಿಂದ ಏನೋ ಹೇಳಿದರು. ಏನು ಅಂತ ಇಲ್ಲಿ ಬರೆಯುವುದಿಲ್ಲ.

---

ಚುರುಮುರಿ ಪ್ಯಾಕೆಟ್

@ಹುಬ್ಬಳ್ಳಿ ಸೊಸಿ ಬರೀರಿ ಅಕ್ಕಾ, ಯಾರಿಗೂ ಹೇಳಲ್ಲ.

---

ನಿವೃತ್ತ ಮೇಷ್ಟ್ರು

ಮೂವತ್ತು ವರ್ಷಕ್ಕೂ ಮೇಲೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಸುಮ್ಮನಿರಲು ಆಗುತ್ತಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಇಲ್ಲಿ ಎರಡು ಬೇರೆ ಸಂಗತಿಗಳು ಕಲೆತುಹೋಗಿವೆ. ಒಂದು ಪ್ರತಿಧ್ವನಿ, ಇನ್ನೊಂದು ಪಿಸುಮಾತು. ಪ್ರತಿಧ್ವನಿ ಅಂದರೆ ಸದ್ದು ನೇರವಾಗಿ ಆಚೆ ಗೋಡೆಗೆ ಹೋಗಿ ಬಡಿದು ವಾಪಸ್ಸು ಬರುವುದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಹೋಗಿ ಬರಲು 76 ಮೀಟರ್. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ನೀವು ಒಂದು ಚಪ್ಪಾಳೆ ತಟ್ಟಿದರೆ 0.22 ಸೆಕೆಂಡಿಗೆ ಮೊದಲ ಪ್ರತಿಧ್ವನಿ ಬರುತ್ತದೆ. ಅದು ಮತ್ತೆ ಹೋಗಿ ಮತ್ತೆ ಬರುತ್ತದೆ. ಏಳು ಸಲ ಆಗಲು ಒಂದೂವರೆ ಸೆಕೆಂಡು ಸಾಕು. ಈಗ ಯೋಚಿಸಿ. ಒಬ್ಬ ಹುಡುಗ "ಹೆಡ್‌ಮಾಸ್ಟರ್" ಅಂತ ಪೂರ್ತಿ ಕೂಗಲು ಒಂದು ಸೆಕೆಂಡು ಬೇಕು. ಅವನ ಮಾತಿನ ಬಾಲ ಮುಗಿಯುವ ಮೊದಲೇ ತಲೆ ಮೂರು ನಾಲ್ಕು ಸಲ ವಾಪಸ್ಸು ಬಂದಿರುತ್ತದೆ. ಎಲ್ಲಾ ಒಂದರ ಮೇಲೊಂದು. ಎಣಿಸಬೇಕು ಅಂದರೆ ಚಪ್ಪಾಳೆಯೇ ಸರಿ, ಅದೂ ಒಂದೇ, ಚಿಕ್ಕದು.

ಪಿಸುಮಾತಿನ ಕೆಲಸ ಬೇರೆ ರೀತಿ. ಗೋಡೆಗೆ ಬಾಯಿ ಹತ್ತಿರ ಇಟ್ಟು, ಗೋಡೆಯ ಉದ್ದಕ್ಕೆ ಮುಖ ಮಾಡಿ ಪಿಸುಗುಟ್ಟಿದರೆ ಆ ಸದ್ದು ಗುಮ್ಮಟದ ನಡುವೆ ಹಾಯ್ದು ಹೋಗುವುದಿಲ್ಲ. ಬಾಗಿದ ಗೋಡೆಗೆ ಬಡಿದು, ಸ್ವಲ್ಪ ಮುಂದೆ ಮತ್ತೆ ಬಡಿದು, ಹಾಗೇ ಗೋಡೆಯನ್ನು ಬಿಡದೆ ಸುತ್ತು ಹಾಕುತ್ತದೆ. ಎಲ್ಲಾ ಕಡೆ ಚೆದುರಿ ಹೋಗುವುದಿಲ್ಲ, ಹಾಗಾಗಿ ಬಲ ಉಳಿಯುತ್ತದೆ. ಅರ್ಧ ಸುತ್ತು ಅಂದರೆ ಸುಮಾರು 60 ಮೀಟರ್, 0.18 ಸೆಕೆಂಡಿನಲ್ಲಿ ಆಚೆ ಕಿವಿ ತಲುಪುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗ್ಯಾಲರಿ ನೋಡಿ ಇದನ್ನು ವಿವರಿಸಿದವರು ಲಾರ್ಡ್ ರೇಲಿ. ಹೆಚ್ಚು ಕಂಪನಾಂಕದ ಸದ್ದು ಗೋಡೆಗೆ ಇನ್ನೂ ಹತ್ತಿರ ಅಂಟಿಕೊಂಡು ಹೋಗುತ್ತದೆ. ಪಿಸುಮಾತಿನಲ್ಲಿ ಇರುವುದೇ ಆ ಸ್ಸ್, ಶ್ಶ್, ಚ್ಚ್ ಎನ್ನುವ ಸದ್ದುಗಳು. ಪೇಪರ್ ಹರಿಯುವುದು, ಬೆಂಕಿಕಡ್ಡಿ ಗೀರುವುದು, ಇವೂ ಅದೇ ಜಾತಿ. ಆ ಹಿರಿಯ ಗೈಡಿಗೆ ಭೌತಶಾಸ್ತ್ರ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ, ಆದರೆ ಪ್ರಯೋಗ ನೂರಕ್ಕೆ ನೂರು ಸರಿ.

ಸರ್ ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ಸ್ ಗ್ಯಾಲರಿಯಲ್ಲಿ ಪ್ರಯೋಗ ಮಾಡಿ ನೇಚರ್ ಪತ್ರಿಕೆಗೆ ಬರೆದರು. ಮರುವರ್ಷ ಇಂಥ ಗ್ಯಾಲರಿಗಳ ಬಗ್ಗೆ ಇನ್ನೊಂದು ಲೇಖನ ಬರೆದರು, ಅದರಲ್ಲಿ ನಮ್ಮ ಗೋಳಗುಮ್ಮಟವೂ ಇದೆ. ನೊಬೆಲ್ ಬಂದದ್ದು 1930ರಲ್ಲಿ, ಬೆಳಕಿನ ಕೆಲಸಕ್ಕೆ. ಅದಕ್ಕೂ ಮೊದಲು ಅವರು ಗೋಡೆಗೆ ಕಿವಿ ಹಚ್ಚಿ ಕೇಳಿದವರು ಅನ್ನುವುದು ನನಗೆ ಬಹಳ ಇಷ್ಟ.

---

ಬೆಣ್ಣೆದೋಸೆ ಬಸವನಗುಡಿ

ಸರ್, ಇದನ್ನು ಏಳನೇ ಕ್ಲಾಸಿನಲ್ಲಿ ಯಾರಾದರೂ ಹೇಳಿದ್ದರೆ ನಾವು ಚಪ್ಪಾಳೆ ತಟ್ಟಿ ಸುಮ್ಮನಿರುತ್ತಿದ್ದೆವು. (ಇಲ್ಲ, ಆಗಲೂ ಕೂಗುತ್ತಿದ್ದೆವು.)

---

ಅಳತೆ ಪಟ್ಟಿ

ನಾನು ಕಟ್ಟಡ ಕೆಲಸದವನು. ಜನರೆಲ್ಲಾ ಸದ್ದಿನ ಬಗ್ಗೆಯೇ ಮಾತಾಡುತ್ತಾರೆ, ತಾವು ನಿಂತಿರುವುದು ಯಾವುದರ ಮೇಲೆ ಅಂತ ಯಾರೂ ನೋಡುವುದಿಲ್ಲ. ನನಗೆ ಅದೇ ಬೇಜಾರು.

ಕೆಳಗಿನ ಕೋಣೆ ಚೌಕ. ಒಂದೊಂದು ಬದಿ 135 ಅಡಿ, ಅಂದರೆ ಸುಮಾರು 41 ಮೀಟರ್. ನಡುವೆ ಒಂದೇ ಒಂದು ಕಂಬ ಇಲ್ಲ. ಇದರ ಮೇಲೆ ದುಂಡನೆಯ ಗುಮ್ಮಟ ಕೂರಿಸಬೇಕು. ಚೌಕದ ಮೇಲೆ ದುಂಡು ಕೂರಿಸುವುದು ಎಲ್ಲಾ ಕಾಲದ ಮೇಸ್ತ್ರಿಗಳಿಗೂ ತಲೆನೋವು. ಇಲ್ಲಿ ಮಾಡಿರುವುದು ಏನು ಅಂದರೆ, ಎಂಟು ದೊಡ್ಡ ಕಮಾನುಗಳನ್ನು ಒಂದರೊಳಗೊಂದು ಹಾಯಿಸಿದ್ದಾರೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟು ಗೆರೆ ಎಳೆದು ನೋಡಿ, ಎಂಟು ಮೂಲೆಯ ನಕ್ಷತ್ರ ಬರುತ್ತದಲ್ಲ, ಅದೇ. ಕೆಳಗೆ ನಡುವೆ ನಿಂತು ತಲೆ ಎತ್ತಿದರೆ ಆ ಗೆರೆಗಳೆಲ್ಲಾ ಕಾಣುತ್ತವೆ. ಊರಿನ ಜಾಮಿಯಾ ಮಸೀದಿಯಲ್ಲೂ ಇದೇ ಉಪಾಯ ಇದೆ, ಚಿಕ್ಕ ಅಳತೆಯಲ್ಲಿ, ಇದಕ್ಕಿಂತ ಮೊದಲೇ.

ಈ ಕಮಾನುಗಳು ಮೇಲಕ್ಕೆ ಹೋಗುತ್ತಾ ಒಳಕ್ಕೆ ಚಾಚಿ ಬಾಯನ್ನು 97 ಅಡಿ ಅಗಲಕ್ಕೆ ಇಳಿಸುತ್ತವೆ. ಆದರೆ ಗುಮ್ಮಟ ಆ ಅಂಚಿನ ಮೇಲೆ ಕೂತಿಲ್ಲ. ಹಿಂದಕ್ಕೆ ಸರಿದು ಕೂತಿದೆ. ಅದರ ಒಳವ್ಯಾಸ 124 ಅಡಿ ಚಿಲ್ಲರೆ. ಮಧ್ಯೆ ಉಳಿದ ಅಗಲವೇ ನೀವು ನಡೆದಾಡುವ ಗ್ಯಾಲರಿ. ನೆಲದಿಂದ 30 ಮೀಟರಿಗೂ ಮೇಲೆ, ಕೆಳಗೆ ಕಂಬ ಇಲ್ಲ, ಒಳಕ್ಕೆ ಚಾಚಿಕೊಂಡಿದೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಈ ಚಾಚಿದ ಕಲ್ಲುಗಾರೆಯ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಸರಿಹೋಗುತ್ತವೆ. ಅಂದರೆ ನಿಮ್ಮ ಕಾಲ ಕೆಳಗಿನ ಆ ಗ್ಯಾಲರಿ ಸುಮ್ನೆ ಓಡಾಡಲು ಮಾಡಿದ್ದಲ್ಲ, ಗುಮ್ಮಟ ನಿಂತಿರುವುದಕ್ಕೆ ಅದೂ ಕಾರಣ. ಪಿಸುಮಾತು ಪುಕ್ಕಟೆ ಸಿಕ್ಕ ಲಾಭ.

ಗೋಡೆ ಕಪ್ಪು ಕಲ್ಲಿನದು, ಗುಮ್ಮಟ ಮಾತ್ರ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಬುಡದಲ್ಲಿ ದಪ್ಪ ಸುಮಾರು 3 ಮೀಟರ್.

ಇನ್ನೊಂದು ಮಾತು. "ವಿಶ್ವದ ಎರಡನೇ ಅತಿ ದೊಡ್ಡ ಗುಮ್ಮಟ" ಅಂತ ನಾವೆಲ್ಲಾ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇವೆ. ಒಳವ್ಯಾಸ ಹಿಡಿದರೆ ರೋಮಿನ ಪ್ಯಾಂಥಿಯನ್ ಸುಮಾರು 43 ಮೀಟರ್, ಸೇಂಟ್ ಪೀಟರ್ಸ್ ಸುಮಾರು 41.5, ಫ್ಲಾರೆನ್ಸಿನ ಚರ್ಚಿನದೂ ನಮ್ಮದಕ್ಕಿಂತ ಅಗಲ. ಹಳೆಯ ಗುಮ್ಮಟಗಳ ಪೈಕಿಯೇ ಹೀಗೆ. ಈಗಿನ ಸ್ಟೇಡಿಯಂಗಳ ಲೆಕ್ಕ ಬೇರೆ.

---

ಸ್ಟೇಷನ್ ರೋಡ್ ಹುಡುಗ

@ಅಳತೆ ಪಟ್ಟಿ ಎಲ್ಲಾ ಚೆನ್ನಾಗಿ ಬರೆದು ಕೊನೆಗೆ ನಮ್ಮ ಹೊಟ್ಟೆ ಉರಿಸಿದಿರಿ. ಊರಿನ ಆಟೋದವರಿಗೆ ಹೋಗಿ ಇದನ್ನು ಹೇಳಿ ನೋಡಿ, ಮೀಟರ್ ಹಾಕುವುದಿರಲಿ, ಹತ್ತಿಸಿಕೊಳ್ಳುವುದೂ ಇಲ್ಲ.

---

ಅಳತೆ ಪಟ್ಟಿ

ಹೊಟ್ಟೆ ಉರಿಸಿಕೊಳ್ಳಬೇಡಿ, ನೆಲದ ಅಳತೆಗೆ ಬನ್ನಿ. ಒಂದೇ ಗುಮ್ಮಟದ ಕೆಳಗೆ ತೆರೆದಿರುವ ಜಾಗ ಗೋಳಗುಮ್ಮಟದಲ್ಲಿ 18,225 ಚದರ ಅಡಿ. ಪ್ಯಾಂಥಿಯನ್‌ನಲ್ಲಿ 15,800 ಚಿಲ್ಲರೆ. ಅಲ್ಲಿ ಕೋಣೆಯೇ ದುಂಡು, ಹಾಗಾಗಿ ಗುಮ್ಮಟ ಎಷ್ಟೋ ನೆಲವೂ ಅಷ್ಟೇ. ನಮ್ಮವರು ಗುಮ್ಮಟಕ್ಕಿಂತ ದೊಡ್ಡ ಚೌಕವನ್ನು ಅದರ ಕೆಳಗೆ ಹಿಡಿಸಿದರು. ನನ್ನನ್ನು ಕೇಳಿದರೆ ಇದು ವ್ಯಾಸಕ್ಕಿಂತ ದೊಡ್ಡ ಕೆಲಸ. ಆಟೋದವರಿಗೆ ಇದನ್ನು ಹೇಳಿ.

---

ಥೇಮ್ಸ್ ದಡದ ಕನ್ನಡತಿ

ಸೇಂಟ್ ಪಾಲ್ಸ್ ಹೆಸರು ಬಂತಲ್ಲ ಅಂತ ಬರೆಯುತ್ತಿದ್ದೇನೆ. ಲಂಡನ್ನಿಗೆ ಬಂದ ಹೊಸದರಲ್ಲಿ ಅಲ್ಲಿನ ಗ್ಯಾಲರಿಗೆ 257 ಮೆಟ್ಟಿಲು ಹತ್ತಿ ಹೋಗಿದ್ದೆ. ಎಲ್ಲರೂ ಗೋಡೆಗೆ ಒರಗಿ ಕಲ್ಲಿನ ಬೆಂಚಿನ ಮೇಲೆ ಶಿಸ್ತಾಗಿ ಕೂತಿದ್ದರು. ಯಾರೂ ಜೋರಾಗಿ ಮಾತಾಡುವುದಿಲ್ಲ. ಪಿಸುಮಾತು ಚೆನ್ನಾಗಿಯೇ ಕೇಳುತ್ತಿತ್ತು. ಆ ಗ್ಯಾಲರಿ ಗೋಳಗುಮ್ಮಟದ್ದಕ್ಕಿಂತ ಚಿಕ್ಕದು, ಮತ್ತೆ ಕಟ್ಟಿ ಮುಗಿದದ್ದು ಸುಮಾರು ಅರ್ಧ ಶತಮಾನ ಆಮೇಲೆ.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಎಲ್ಲಿಂದ ಬಂದೆ ಅಂತ ಕೇಳಿದರು. ನಮ್ಮ ರಾಜ್ಯದಲ್ಲಿ ಇದಕ್ಕಿಂತ ದೊಡ್ಡದಿದೆ, ಅಲ್ಲಿ ಮಕ್ಕಳೆಲ್ಲಾ ಕೂಗುತ್ತಾರೆ ಅಂದೆ. "ಅಯ್ಯೋ, ನನಗೂ ಇಲ್ಲಿ ಯಾವತ್ತಿನಿಂದಲೋ ಒಂದು ಸಲ ಕೂಗಬೇಕು ಅನಿಸುತ್ತಿದೆ" ಅಂತ ನಕ್ಕರು.

ನಿಜ ಹೇಳಲಾ? ಅಲ್ಲಿ ಪಿಸುಮಾತು ಕೇಳಿತು, ಆದರೆ ನೆನಪಿನಲ್ಲಿ ಗಟ್ಟಿಯಾಗಿರುವುದು ಗೋಳಗುಮ್ಮಟವೇ. ಆರನೇ ಕ್ಲಾಸಿನಲ್ಲಿ ಅಲ್ಲಿ ನನ್ನ ಹೆಸರನ್ನು ನಾನೇ ಕೂಗಿಕೊಂಡಿದ್ದೆ. ಅದು ಅಷ್ಟು ದೊಡ್ಡದಾಗಿ ಮತ್ತೆಲ್ಲೂ ಕೇಳಿಸಿಲ್ಲ.

---

ಶಾಂತಿಪ್ರಿಯ 1970

ಎಲ್ಲರೂ ಕೂಗಿದ್ದನ್ನು ಹೆಮ್ಮೆಯಿಂದ ಬರೆಯುತ್ತಿದ್ದೀರಿ. ಒಂದು ಮಾತು ಕೇಳುತ್ತೇನೆ. ಅದು ಸಮಾಧಿ. ಕೆಳಗೆ ಜನ ಮಲಗಿದ್ದಾರೆ. ನಾವು ನಮ್ಮ ಅಜ್ಜಂದಿರ ಗದ್ದುಗೆ ಮುಂದೆ ಹೀಗೆ ಕೂಗುತ್ತೇವಾ? ಕೂಗುವುದು ಸಾಲದು ಅಂತ ಗೋಡೆಯ ಮೇಲೆ ಹೆಸರು ಬೇರೆ ಕೆತ್ತಿದ್ದಾರೆ. ಬಾಣ, ಹೃದಯ, ಎರಡು ಇನಿಷಿಯಲ್. ಸುಮಾರು 30 ವರ್ಷ ಕಟ್ಟಿದ ಕಟ್ಟಡ. 1656ರಲ್ಲಿ ಸುಲ್ತಾನ ಸತ್ತ ಮೇಲೆ ಕೆಲಸ ನಿಂತೇಹೋಯಿತು. ಅವರಿಗೆ ಪೂರ್ತಿ ಅಲಂಕಾರ ಮಾಡಲು ಆಗಲಿಲ್ಲ, ನಮ್ಮವರು ಮೊಳೆ ಹಿಡಿದು ಮುಗಿಸುತ್ತಿದ್ದಾರೆ.

ನನ್ನ ಪ್ರಕಾರ ಗ್ಯಾಲರಿಯಲ್ಲಿ ಕೂಗುವುದನ್ನೇ ನಿಲ್ಲಿಸಬೇಕು. ಸ್ವಲ್ಪ ಸ್ವಲ್ಪ ಜನರನ್ನು ಬಿಡಲಿ, ಮೌನ ಕಡ್ಡಾಯ ಮಾಡಲಿ.

---

ಸ್ಟೇಷನ್ ರೋಡ್ ಹುಡುಗ

ಕೆತ್ತುವವರ ಬಗ್ಗೆ ನೂರಕ್ಕೆ ನೂರು ಒಪ್ಪುತ್ತೇನೆ. ಕೂಗುವುದನ್ನು ತಡೆಯಲು ಹೋದರೆ ಏನಾಗುತ್ತದೆ ಗೊತ್ತಾ? ಒಂದು ದಿನ ನೋಡಿದೆ. ಮಕ್ಕಳು ಕೂಗಿದರು, ಕಾವಲಿನವರು ಸೀಟಿ ಊದಿದರು. ಸೀಟಿಯ ಪ್ರತಿಧ್ವನಿ ಕೇಳಿ ಮಕ್ಕಳಿಗೆ ಇನ್ನೂ ಖುಷಿಯಾಗಿ ಮತ್ತೆ ಕೂಗಿದರು. ಅವರು ಮತ್ತೆ ಊದಿದರು. ಯಾರು ಗೆದ್ದರು ಅಂತ ನೋಡಲು ನನಗೆ ಅಷ್ಟು ಹೊತ್ತು ನಿಲ್ಲಲಾಗಲಿಲ್ಲ.

---

ಸರ್ಕಾರಿ ಶಾಲೆ ಟೀಚರ್

@ಶಾಂತಿಪ್ರಿಯ 1970 ಸರ್, ನಾನು ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುವವಳು. ಗದರಿಸುವ ಪಾಳಿ ನನ್ನದೇ. ಆದರೂ ನಿಮ್ಮ ಮಾತು ಒಪ್ಪಲಾರೆ.

ನಮ್ಮ ಮಕ್ಕಳು ತಾಲೂಕು ದಾಟಿ ಹೋಗುವುದೇ ಟೂರಿನಲ್ಲಿ. ಟೂರಿನ ದುಡ್ಡು ಕಂತಿನಲ್ಲಿ ಕಟ್ಟುವ ಅಪ್ಪ ಅಮ್ಮ ಇದ್ದಾರೆ. ಶಾಲೆಯಲ್ಲಿ ಬಾಯಿ ಮುಚ್ಚು, ಮನೆಯಲ್ಲಿ ಬಾಯಿ ಮುಚ್ಚು. ಇಡೀ ವರ್ಷದಲ್ಲಿ ಕೂಗಿದರೆ ವಾಪಸ್ಸು ಉತ್ತರ ಬರುವ ಒಂದೇ ಜಾಗ ಅದು. ಅಲ್ಲೂ ಬಾಯಿ ಮುಚ್ಚು ಅಂದರೆ ಹೇಗೆ?

ನಾನು ಮಾಡುವುದು ಹೀಗೆ. ಮೆಟ್ಟಿಲ ಬುಡದಲ್ಲೇ ಮಾತು ಮುಗಿಸುತ್ತೇನೆ. ಮೇಲೆ ಹೋದ ಕೂಡಲೇ ಎಷ್ಟು ಬೇಕೋ ಅಷ್ಟು ಕೂಗಿ, ಗಂಟಲು ಆರಲಿ. ಆಮೇಲೆ ನಾನು ಕೈ ಎತ್ತಿದರೆ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಕೂರಬೇಕು. ಅರ್ಧ ಜನ ಈ ಬದಿ, ಅರ್ಧ ಜನ ಆ ಬದಿ. ಬೇರೆ ಶಾಲೆಯವರು ಇದ್ದರೆ ಅವರ ಟೀಚರನ್ನೂ ಕೇಳಿಕೊಳ್ಳುತ್ತೇನೆ, ಹೆಚ್ಚಿನವರು ಒಪ್ಪುತ್ತಾರೆ. ಆಮೇಲೆ ಮಗ್ಗಿ. ಈ ಬದಿಯವನು "ಏಳೆಂಟ್ಲಿ?" ಅಂತ ಪಿಸುಗುಟ್ಟಬೇಕು, ಆ ಬದಿಯವಳು ಉತ್ತರವನ್ನು ಪಿಸುಗುಟ್ಟಬೇಕು. ಒಂದು ವರ್ಷ ಒಬ್ಬ ಹುಡುಗ ತಪ್ಪು ಉತ್ತರ ಹೇಳಿದ. ಸರಿ ಉತ್ತರ ಮೂರನೇ ಕಡೆಯಿಂದ ಬಂತು. ಯಾರು ಅಂತ ನೋಡಿದರೆ ಬೇರೆ ಶಾಲೆಯ ಹುಡುಗಿ, ನಮ್ಮ ಆಟವನ್ನೆಲ್ಲಾ ಗೋಡೆಗೆ ಕಿವಿ ಹಚ್ಚಿ ಕೇಳುತ್ತಿದ್ದಳು.

ಯಾವಾಗಲೂ ಹೀಗೆ ನಡೆಯುತ್ತದೆ ಅಂತಿಲ್ಲ. ಗದ್ದಲ ಜಾಸ್ತಿ ಇದ್ದ ದಿನ ಏನೂ ಆಗುವುದಿಲ್ಲ, ಕೂಗಿ ಇಳಿದು ಬರುತ್ತೇವೆ.

---

ಶಾಂತಿಪ್ರಿಯ 1970

ಮಗ್ಗಿ ಉಪಾಯ ಚೆನ್ನಾಗಿದೆ ಮೇಡಂ. ಕೂಗುವ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ನಿಮ್ಮಂಥ ಟೀಚರ್ ಎಷ್ಟು ಜನ ಇದ್ದಾರೆ?

---

ನಿವೃತ್ತ ಮೇಷ್ಟ್ರು

ಮೇಡಂ, ಮುಂದಿನ ವರ್ಷ ಮಗ್ಗಿಯ ಜೊತೆ ಒಂದು ಸ್ಟಾಪ್‌ವಾಚ್ ಒಯ್ಯಿರಿ. ಹತ್ತನೇ ತರಗತಿಯವರಾದರೆ ಚಪ್ಪಾಳೆಯಿಂದಲೇ ಸದ್ದಿನ ವೇಗ ಲೆಕ್ಕ ಹಾಕಿಸಬಹುದು. ಒಂದು ಪ್ರತಿಧ್ವನಿ ಅಳೆಯಲು ಕೈ ಸಾಲದು. ಪ್ರತಿಧ್ವನಿ ಬಂದ ಲಯಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತಾ ಹೋಗಿ, ಇಪ್ಪತ್ತಕ್ಕೆ ಎಷ್ಟು ಹೊತ್ತಾಯಿತು ನೋಡಿ, ಭಾಗಿಸಿ.

---

ಲಕ್ಷುರಿ ಬಸ್ ಚಾಲಕ

ನಾನು ಟೂರ್ ಬಸ್ ಓಡಿಸುತ್ತಿದ್ದವನು. ಈಗ ಬಿಟ್ಟಿದ್ದೇನೆ. ನಿಮ್ಮಲ್ಲಿ ಅರ್ಧ ಜನರನ್ನು ನಾನೇ ಕರೆದುಕೊಂಡು ಹೋಗಿರಬಹುದು. ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಬಿಜಾಪುರ. ನವೆಂಬರ್ ಕೊನೆಯಿಂದ ಸಂಕ್ರಾಂತಿವರೆಗೆ ಅದೇ ರೂಟು.

ಆ ಕಡೆ ನೆಲ ಚಪ್ಪಟೆ. ಊರು ಇನ್ನೂ ದೂರ ಇರುವಾಗಲೇ ಗುಮ್ಮಟ ಕಾಣುತ್ತದೆ, ಬಯಲಲ್ಲಿ ಯಾರೋ ಬಾಣಲೆ ಬೋರಲು ಹಾಕಿದ ಹಾಗೆ. ಹಿಂದಿನಿಂದ ಒಬ್ಬ ಹುಡುಗ "ಬಂತು ಬಂತು" ಅನ್ನುತ್ತಾನೆ. ಎಲ್ಲರೂ ಒಂದೇ ಕಿಟಕಿಗೆ ಬರುತ್ತಾರೆ. ನಾನು "ಇನ್ನೂ ಬಹಳ ದೂರ ಇದೆ ಕೂತ್ಕೊಳ್ರೋ" ಅಂತ ಹೇಳಿ ಹೇಳಿ ಸುಸ್ತು.

ಅಷ್ಟು ವರ್ಷ ಹೋಗಿದ್ದೇನೆ, ಆದರೆ ಬಹಳ ಕಾಲ ಮೇಲೆ ಹತ್ತಿರಲಿಲ್ಲ. ಮಕ್ಕಳು ಇಳಿದರೆ ನಮಗೆ ನಿದ್ದೆಯ ಹೊತ್ತು. ರಾತ್ರಿ ಗಾಡಿ ಓಡಿಸಿರುತ್ತೇವಲ್ಲ. ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಲಗುವುದು, ಎದ್ದು ಮಿರ್ಚಿ ಭಜಿ, ಚಹಾ. ಕ್ಲೀನರ್ ಹುಡುಗ ಪ್ರತಿ ಸಲ ಕರೆಯುತ್ತಿದ್ದ, "ಬನ್ನಿ ಅಣ್ಣಾ, ಒಂದ್ಸಲ ನೋಡಿ".

ಒಮ್ಮೆ ಗಾಡಿ ಕೆಟ್ಟಿತು. ಸಾಮಾನು ಬರಲು ಸಂಜೆಯಾಗುತ್ತದೆ ಅಂದರು. ಟೂರಿನವರನ್ನು ಬೇರೆ ಬಸ್ಸಿಗೆ ಹತ್ತಿಸಿ ಕಳಿಸಿದೆವು. ಮಾಡಲು ಕೆಲಸ ಇರಲಿಲ್ಲ, ಹತ್ತಿದೆ. ಮಧ್ಯಾಹ್ನದ ಬಿಸಿಲು, ಜನ ಕಡಿಮೆ. ಕ್ಲೀನರ್ ಹುಡುಗ ಆಚೆ ಬದಿಗೆ ಓಡಿದ. ಅಲ್ಲಿಂದ "ಅಣ್ಣಾ, ಸಂಬಳ ಯಾವಾಗ ಜಾಸ್ತಿ ಮಾಡಿಸ್ತೀರಾ" ಅಂತ ಪಿಸುಗುಟ್ಟಿದ. ಮಾಲೀಕರ ಹತ್ತಿರ ಕೇಳು ಅಂತ ಅವನಿಗೆ ಎಷ್ಟೋ ಸಲ ಹೇಳಿದ್ದೆ. ಅಲ್ಲಿ ಕಿವಿಯೊಳಗೇ ಬಂದು ಕೇಳಿದ ಹಾಗಾಯಿತು. ಕೇಳಿಸಲಿಲ್ಲ ಅನ್ನುವ ಹಾಗೂ ಇಲ್ಲ. ಆ ತಿಂಗಳೇ ಮಾಲೀಕರಿಗೆ ಹೇಳಿ ಮಾಡಿಸಿದೆ.

---

ಚುರುಮುರಿ ಪ್ಯಾಕೆಟ್

ನಮ್ಮ ಆಫೀಸನ್ನೂ ಅಲ್ಲಿಗೇ ಶಿಫ್ಟ್ ಮಾಡಿಸಬೇಕು.

---

ಹುಬ್ಬಳ್ಳಿ ಸೊಸಿ

ಚಾಲಕ ಅಣ್ಣಾರ, ನಿಮ್ಮದು ಇಷ್ಟು ಹೊತ್ತಿನಲ್ಲಿ ಓದಿದ್ದರಲ್ಲೆಲ್ಲಾ ಚಂದ.

ಹಾಗೇ ಒಂದು ಕೇಳಬೇಕಿತ್ತು. ದಕ್ಷಿಣ ಬಾಗಿಲಲ್ಲಿ ಸರಪಳಿಗೆ ಒಂದು ಕಲ್ಲು ನೇತುಹಾಕಿದ್ದಾರಲ್ಲ, ಸಿಡಿಲಿನ ಕಲ್ಲು ಅಂತ, ಅದನ್ನು ಯಾರಾದರೂ ಗಮನಿಸಿದ್ದೀರಾ?

---

ಸ್ಟೇಷನ್ ರೋಡ್ ಹುಡುಗ

ಬಿಜಲಿ ಪತ್ಥರ್. ಆಕಾಶದಿಂದ ಬಿದ್ದ ಉಲ್ಕೆ ಅಂತ ಹೇಳುತ್ತಾರೆ, ಕಟ್ಟಡಕ್ಕೆ ಸಿಡಿಲು ಬಡಿಯದಿರಲಿ ಅಂತ ಕಟ್ಟಿದ್ದಂತೆ. ಅದೇ ಬಾಗಿಲ ಮೇಲೆ ಮೂರು ಭಾಗದ ಪಾರಸಿ ಬರಹ ಇದೆ. ಅಕ್ಷರಗಳ ಬೆಲೆ ಕೂಡಿಸಿದರೆ ಒಂದೊಂದು ಭಾಗದಲ್ಲೂ ಹಿಜರಿ 1067 ಬರುತ್ತದೆ, ಸುಲ್ತಾನ ತೀರಿಕೊಂಡ ವರ್ಷ. ಎಲ್ಲರೂ ಮೆಟ್ಟಿಲ ಕಡೆ ಓಡುವ ಅವಸರದಲ್ಲಿ ಬಾಗಿಲ ಮೇಲೆ ನೋಡುವುದೇ ಇಲ್ಲ.

ಇನ್ನೊಂದು ವಿನಂತಿ. ಗುಮ್ಮಟ ನೋಡಿ ಹಾಗೇ ಬಸ್ ಹತ್ತಬೇಡಿ. ಊರ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ ಇದೆ, ಈ ಸುಲ್ತಾನನ ಅಪ್ಪನದು. ಅಪ್ಪನದು ಚಿಕ್ಕದು, ಆದರೆ ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿ ಕೊರೆದಿದ್ದಾರೆ. ಮಗನದು ದೊಡ್ಡದು, ಅಲಂಕಾರ ಕಡಿಮೆ. ಮೊಮ್ಮಗ ಎರಡನೇ ಅಲಿ ಇನ್ನೂ ದೊಡ್ಡದು ಕಟ್ಟಲು ಹೋದ, ಅದು ಕಮಾನುಗಳಿಗೇ ನಿಂತಿತು, ಈಗ ಬಾರಾ ಕಮಾನ್ ಅಂತ ಕರೆಯುತ್ತಾರೆ. ಮೂರನ್ನೂ ಒಂದೇ ದಿನ ನೋಡಿದರೆ ಮನೆತನದ ಕತೆ ತಾನಾಗಿಯೇ ಗೊತ್ತಾಗುತ್ತದೆ.

---

ಬೆಣ್ಣೆದೋಸೆ ಬಸವನಗುಡಿ

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಟೀಚರ್ ಬರೆದದ್ದನ್ನೂ ಪೇಪರ್ ಹರಿಯುವ ಕತೆಯನ್ನೂ ಓದಿ ಹೇಳಿದೆ. ಮತ್ತೆ ಹೋಗೋಣ ಅಂತ ಹಠ ಹಿಡಿದಿದ್ದಾಳೆ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ನೋಡುತ್ತಿದ್ದೇನೆ. ಜನವರಿಯಲ್ಲಿ ಬಂದರೆ ಸರಿಯಾ? ಮತ್ತೆ, ನಮ್ಮ ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಮಂಡಿ ನೋವು. ಮೆಟ್ಟಿಲು ಹತ್ತಿಸಬಹುದಾ?

---

ಸ್ಟೇಷನ್ ರೋಡ್ ಹುಡುಗ

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ, ಆಗ ಲಾಡ್ಜ್ ಸಿಗುವುದು ಕಷ್ಟ. ಜಾತ್ರೆಯನ್ನೂ ನೋಡಬೇಕು ಅಂದರೆ ಮೊದಲೇ ರೂಮ್ ಮಾಡಿಕೊಳ್ಳಿ. ಇಲ್ಲದಿದ್ದರೆ ಫೆಬ್ರವರಿಗೆ ಬನ್ನಿ. ಟೂರ್ ಬಸ್ಸುಗಳ ಕಾಟ ಇಳಿದಿರುತ್ತದೆ, ದ್ರಾಕ್ಷಿ ಬಂದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ರೈಲಿನಿಂದ ಇಳಿದರೆ ಗುಮ್ಮಟ ಹತ್ತಿರವೇ.

ಅಮ್ಮನವರನ್ನು ಮಾತ್ರ ಹತ್ತಿಸಬೇಡಿ ರೀ. ಮೆಟ್ಟಿಲಿನ ಎತ್ತರ ಜಾಸ್ತಿ, ಇಳಿಯುವಾಗ ಮಂಡಿಗೆ ಇನ್ನೂ ತ್ರಾಸ. ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇಲ್ಲ. ಕೆಳಗೆ ಕೋಣೆಯಲ್ಲಿ ನಿಂತರೂ ಗುಮ್ಮಟ ಪೂರ್ತಿ ಕಾಣುತ್ತದೆ, ಎಂಟು ಕಮಾನುಗಳು ಅಲ್ಲಿಂದಲೇ ಚೆನ್ನಾಗಿ ಕಾಣುವುದು. ಎದುರಿಗೆ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, ಹೊರಗೆ ಹುಲ್ಲುಹಾಸು ಇದೆ, ಕೂರಬಹುದು. ರಂಭೆಯ ಕತೆ ಹೇಳಲು ಗೈಡ್ ಬಂದರೆ ಏನು ಕೇಳಬೇಕು ಅಂತ ಹುಬ್ಬಳ್ಳಿ ಅಕ್ಕ ಆಗಲೇ ಬರೆದಿದ್ದಾರೆ.